ನೀಲವ್ವನ ಖಾನಾವಳಿಯ ಮುಂದಿನ ಸರ್ಕಲ್ಲು

ಬಣ್ಣದ ವಾಸನೆಗೆ ಕೆಲವರಿಗೆ ತಲೆ ನೋಯುತ್ತದೆ, ಕೆಲವರಿಗೆ ಸೀನು ಬರುತ್ತದೆ. ನನಗೆ ಹಸಿವಾಗುತ್ತದೆ. ಮೊನ್ನೆ ನಮ್ಮ ಓಣಿಯ ಕೊನೆಯಲ್ಲಿ ರಸ್ತೆಯ ಉಬ್ಬಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಆಗಷ್ಟೇ ಉಂಡು ಕೈ ತೊಳೆದಿದ್ದ ನನ್ನ ಬಾಯಲ್ಲಿ ನೀರೂರಿತು. ಹೆಂಡತಿ ಡಾಕ್ಟರಿಗೆ ತೋರಿಸುವ ಮಾತಾಡಿದಳು. ಇದು ಡಾಕ್ಟರಿಗೆ ತಿಳಿಯುವ ಜಡ್ಡಲ್ಲ ಮಹಾರಾಯರೇ. ಇದು ನನಗೆ ದಾಂಡೇಲಿಯಲ್ಲಿ, ನೀಲವ್ವನ ಖಾನಾವಳಿಯಲ್ಲಿ ಹತ್ತಿದ್ದು.

ಆಗ ನಾನು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಅಂದರೆ, ಬೇರೆ ಯಾವ ಮಾಸ್ತರರು ರಜೆ ಹಾಕಿದರೂ ಅವರ ಕ್ಲಾಸಿಗೆ ಹೋಗಿ ಕೂರುವವನು. ಹೆಂಡತಿ ಧಾರವಾಡದಲ್ಲಿ, ನಾನು ಅಂಬೇವಾಡಿಯ ಒಂದು ಬಾಡಿಗೆ ಖೋಲಿಯಲ್ಲಿ, ನನ್ನ ಹೊಟ್ಟೆ ನೀಲವ್ವನ ಸುಪರ್ದಿಯಲ್ಲಿ. ನೀಲವ್ವ ಬೈಲಹೊಂಗಲದ ಕಡೆಯವಳು. ಗಂಡ ಕಾಗದದ ಕಾರ್ಖಾನೆಗೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದಳು. ಅವನು ತೀರಿಕೊಂಡ ಮೇಲೆ ಎರಡು ರಸ್ತೆ ಕೂಡುವ ಮೂಲೆಯಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತಳು. ಅವಳ ಎಣ್ಣೆಗಾಯಿ ಬದನೆಕಾಯಿ ಉಂಡವನಿಗೆ ಮನೆಯ ನೆನಪು ಬರುತ್ತಿತ್ತು ಎನ್ನುತ್ತಾರೆ. ನನಗೆ ಮರೆತುಹೋಗುತ್ತಿತ್ತು.

ಆ ಮೂಲೆ ಮಾತ್ರ ಯಮಧರ್ಮನ ಅಂಗಳ. ಜೋಯಿಡಾ ಕಡೆಯಿಂದ ಬಿದಿರು ಹೊತ್ತ ಲಾರಿ, ಸಾಂಬ್ರಾಣಿ ಎಂಬ ಊರಿನ ಕಬ್ಬಿನ ಟ್ರ್ಯಾಕ್ಟರ್, ನದಿಯಲ್ಲಿ ತೇಲಲು ಬಂದ ಪ್ರವಾಸಿಗರ ಟೆಂಪೊ, ಎಲ್ಲವೂ ಅಲ್ಲೇ ತಿರುಗಬೇಕು. ಯಾರ ಹಾರ್ನ್ ದೊಡ್ಡದೋ ಅವರಿಗೆ ದಾರಿ. ಕೈಕಾಲು ಮುರಿದುಕೊಂಡವರನ್ನು ಮೊದಲು ನೀಲವ್ವನ ಬೆಂಚಿನ ಮೇಲೆ ಮಲಗಿಸಿ ಆಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದರು. ನಾವು ಉಣ್ಣುವವರು ತಾಟು ಎತ್ತಿಕೊಂಡು ಸರಿದು ಕೂರುತ್ತಿದ್ದೆವು.

ಕೊನೆಗೆ ರಸ್ತೆ ಇಲಾಖೆಯ ಮೇಲಿನ ಸಾಹೇಬರು ಉಪಾಯ ಕಂಡುಹಿಡಿದರು: ಮೂಲೆ ಅಗಲ ಮಾಡುವುದು. ಅಗಲ ಮಾಡುವುದೆಂದರೆ ಖಾನಾವಳಿ ಕೆಡವುವುದು. ಸುದ್ದಿ ನೀಲವ್ವನ ಕಿವಿಗೂ ಬಿತ್ತು. ಅವತ್ತಿನ ರೊಟ್ಟಿಗಳೆಲ್ಲ ಹೊತ್ತಿದ್ದವು. ಆ ಊರಲ್ಲಿ ಅವಳಿಗಿದ್ದದ್ದು ಆ ಒಲೆಯೊಂದೇ.

ನಮ್ಮ ಜೊತೆಗೇ ಉಣ್ಣುತ್ತಿದ್ದ ನಾಡಗೌಡ ಎಂಬ ಮುಂಡಗೋಡದ ಹುಡುಗ ಆ ಸಾಹೇಬರ ಕೈಕೆಳಗೆ ಇಂಜಿನಿಯರ್. ಬಡಕಲು ದೇಹ, ಐದು ರೊಟ್ಟಿಯ ಹಸಿವು. ಅವನು ಸಾಹೇಬರ ಕಾಲು ಕೈ ಹಿಡಿದು ಒಂದು ತಿಂಗಳ ಪರೀಕ್ಷೆಗೆ ಒಪ್ಪಿಸಿಕೊಂಡು ಬಂದ. ಕೆಡವುವುದು ಬೇಡ, ಇದ್ದ ಜಾಗದಲ್ಲೇ ನಡುವೆ ಒಂದು ಪುಟ್ಟ ಸರ್ಕಲ್ ಮಾಡೋಣ ಎಂಬುದು ಅವನ ವಾದ. ಎಲ್ಲರೂ ಎಡದಿಂದ ಸುತ್ತು ಹಾಕಬೇಕು, ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು, ಸುತ್ತಲೇಬೇಕಾದ್ದರಿಂದ ವೇಗ ತಾನಾಗಿ ಇಳಿಯುತ್ತದೆ. ಸಾಹೇಬರಿಗೆ ಸರಿ ಕಾಣದಿದ್ದರೆ ಮರುದಿನವೇ ಜೆಸಿಬಿ.

ಹಳೆಯ ಟೈರು, ಸುಣ್ಣದ ಗೆರೆಗಳಿಂದ ಪರೀಕ್ಷೆ ಶುರುವಾಯಿತು. ಗೆರೆ ಎಳೆಯುವ ಕೆಲಸ ನನ್ನದು. ಬೋರ್ಡಿನ ಮೇಲೆ ಬರಿಗೈಯಲ್ಲಿ ದುಂಡಗೆ ಬರೆಯುತ್ತೇನೆಂಬ ಜಂಬ ನನಗೆ. ಹಗ್ಗ ಹಿಡಿಯಿರಿ ಎಂದು ನಾಡಗೌಡ ಹೇಳಿದರೂ ಕೇಳಲಿಲ್ಲ. ಬಂದದ್ದು ಬದನೆಕಾಯಿಯ ಆಕಾರ. ನೀಲವ್ವ ಬಾಗಿಲಲ್ಲಿ ನಿಂತು ನೋಡಿ, ಮಾಸ್ತರರು ಹಸಿದಿದ್ದಾರೆ, ಮೊದಲು ಉಣ್ಣಲು ಕಳಿಸಿರಿ ಎಂದಳು.

ಸುತ್ತು ಹಾಕುವುದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕೇ? ಎಡದಿಂದ ಸುತ್ತುವುದೆಂದರೆ ಪ್ರದಕ್ಷಿಣೆ, ಹುಟ್ಟಿದಾಗಿನಿಂದ ಹಾಕುತ್ತ ಬಂದದ್ದು. ಹೊಸ ಬೈಕ್ ಕೊಂಡವರು ಹೂವಿನ ಹಾರ ಹಾಕಿಕೊಂಡು ಬಂದು ಮೂರು ಸುತ್ತು ಹೊಡೆದು ಹೋದರು. ತೇರಗಾಂವದ ಒಬ್ಬ ಯಜಮಾನರು ಯಾವ ಕಡೆ ಹೊರಬೀಳಬೇಕೆಂದು ತಿಳಿಯದೆ ಟ್ರ್ಯಾಕ್ಟರನ್ನು ಸುತ್ತಿಸುತ್ತಲೇ ಇದ್ದರು. ನಾಡಗೌಡನೇ ಹತ್ತಿ ಕೂತು ಹೊರಗೆ ತಂದ. ತೊಂದರೆಯಾದದ್ದು ನಮ್ಮ ಧಾರವಾಡದ ಮಂದಿಯಿಂದ. ದಾರಿ ಬಿಡಬೇಕೆಂದು ಒಮ್ಮೆ ಹೇಳಿದ್ದೇ ತಪ್ಪಾಯಿತು. ಎರಡು ಕಾರು ಎದುರಾದರೆ ನೀವು ಹೋಗ್ರಿ, ಛೇ ಛೇ ನೀವು ಹೋಗ್ರಿ ಎಂದು ಇಬ್ಬರೂ ಕಿಟಕಿಯಿಂದ ಕೈ ಆಡಿಸುತ್ತ ಕೂರುವರು. ಅಷ್ಟರಲ್ಲಿ ಹಿಂದಿನ ಆಟೋದವನು ಇಬ್ಬರ ನಡುವೆ ನುಸುಳಿ ಹೋಗಿರುತ್ತಿದ್ದ.

ಆದರೂ ಪರೀಕ್ಷೆ ಗೆಲ್ಲುತ್ತಿತ್ತು. ಊಟದ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು, ಕಿರ್ರನೆ ಬ್ರೇಕ್ ಹಾಕಿದ ಗಾಡಿಗಳನ್ನು ಎಣಿಸುವುದು ನನ್ನ ಪಾಲಿಗೆ ಬಂದಿತ್ತು. ಮೊದಲು ಒಂದು ರೊಟ್ಟಿ ಮುಗಿಯುವುದರೊಳಗೆ ಬೆರಳು ಸಾಲುತ್ತಿರಲಿಲ್ಲ; ಆಮೇಲೆ ಮಜ್ಜಿಗೆಗೆ ಬಂದರೂ ಎಣಿಸಲು ಏನೂ ಇರುತ್ತಿರಲಿಲ್ಲ. ಆ ತಿಂಗಳು ಒಬ್ಬರೂ ಬೆಂಚಿನ ಮೇಲೆ ಮಲಗಲಿಲ್ಲ.

ತಿಂಗಳ ಕೊನೆಗೆ ಟೈರು ತೆಗೆದು ನಾಡಗೌಡ ಕಾಂಕ್ರೀಟಿನ ಗುಡ್ಡೆ ಮಾಡಿಸಿದ. ಗುಡ್ಡೆ ಎಂದರೆ ಮಗುಚಿ ಇಟ್ಟ ತಾಟಿನಂಥದು, ನಡುವೆ ನಾಲ್ಕು ಬೆರಳು ಎತ್ತರ. ಸಣ್ಣ ಗಾಡಿಗಳು ಸುತ್ತ ಹೋಗಬೇಕು. ಬಿದಿರಿನ ಲಾರಿಯಂಥ ಉದ್ದನೆಯವು ಅಷ್ಟರಲ್ಲಿ ತಿರುಗಲಾರವು, ಅವುಗಳ ಹಿಂದಿನ ಗಾಲಿ ಗುಡ್ಡೆಯ ಮೇಲೆ ಹತ್ತಿ ಇಳಿಯಬೇಕು. ಜಾಗ ಉಳಿಸುವ ಗುಟ್ಟೇ ಅದು. ನಾನು ಅದಕ್ಕೆ ಬಿಳಿ ಬಣ್ಣ ಬಳಿದೆ, ಬದನೆಕಾಯಿಯ ಒಗ್ಗರಣೆಯ ವಾಸನೆ ಕುಡಿಯುತ್ತ. ಸಾಹೇಬರು ಮರುದಿನ ನೋಡಲು ಬರುವವರಿದ್ದರು.

ಬೆಳಿಗ್ಗೆ ನೋಡಿದರೆ ಗುಡ್ಡೆಯ ಮೇಲೆ ಮೂರು ಗೆರೆ ವಿಭೂತಿ, ಒಂದು ಕೆಂಪು ದಾಸವಾಳ. ದುಂಡಗೆ, ಬೆಳ್ಳಗೆ ಇದ್ದದ್ದು ಸಾಕ್ಷಾತ್ ಲಿಂಗವಾಗಿ ಕೂತಿತ್ತು. ದಾರಿಹೋಕರು ಸುಮ್ಮನಿರುತ್ತಾರೆಯೇ? ಹತ್ತು ಗಂಟೆಯ ಹೊತ್ತಿಗೆ ಊದಿನಕಡ್ಡಿ, ಕುಂಕುಮ, ಒಡೆದ ಕಾಯಿ ಎಲ್ಲ ಬಂದವು. ಸಾಹೇಬರ ಜೀಪು ಬಂತು. ಅದರ ಹಿಂದೆಯೇ ಬಿದಿರಿನ ಲಾರಿಯೂ ಬಂತು. ಡ್ರೈವರ್ ಗುಡ್ಡೆ ನೋಡಿದ, ಬ್ರೇಕ್ ಹಾಕಿದ, ಇಂಜಿನ್ ಬಂದ್ ಮಾಡಿ ಕೆಳಗಿಳಿದು ಕೈಮುಗಿದ. ದೇವರ ಮೇಲೆ ಗಾಲಿ ಹಾಯಿಸುವುದಿಲ್ಲ, ಬೇಕಾದರೆ ಕೆಲಸ ಬಿಡುತ್ತೇನೆ ಎಂದ.

ಹಿಂದೆ ಗಾಡಿಗಳ ಸಾಲು ಬೆಳೆಯಿತು. ಹಾರ್ನುಗಳ ಗದ್ದಲದಲ್ಲಿ ಸಾಹೇಬರು ನಾಡಗೌಡನಿಗೆ, ಇದಕ್ಕೇ ಅಗಲ ಮಾಡೋಣ ಅಂದದ್ದು, ನಾಳೆ ಖಾನಾವಳಿ ಕೆಡವಿಸು ಎಂದರು. ನಾಡಗೌಡ ಒರೆಸಲು ಬಗ್ಗಿದರೆ ಮಂದಿ ಗುರ್ ಎಂದರು. ಅವನು ನನ್ನ ಮುಖ ನೋಡಿದ. ಶಾಲೆಯ ಸ್ಟಾಫ್ ರೂಮಿನಲ್ಲಿ ದೇವರಿಲ್ಲವೆಂದು ದಿನಾ ವಾದಿಸುತ್ತಿದ್ದವನು ನಾನು. ನನ್ನ ಕಾಲು ಒಂದು ಇಂಚೂ ಮುಂದಕ್ಕೆ ಹೋಗಲಿಲ್ಲ. ದೇವರಿಲ್ಲದಿದ್ದರೂ ಮಂದಿ ಇದ್ದರಲ್ಲ.

ಆಗ ನೀಲವ್ವ ಕೊಡದ ತುಂಬ ನೀರು ಹೊತ್ತು ಒಳಗಿನಿಂದ ಬಂದಳು. ಮಂದಿ ದಾರಿ ಬಿಟ್ಟರು, ಅಭಿಷೇಕಕ್ಕೆ ತಂದಳೆಂದುಕೊಂಡರು.

"ನಸುಕಿನ್ಯಾಗ ಎದ್ದು ಇದನ್ನ ದೇವರು ಮಾಡಿದಾಕಿ ನಾನ," ಅಂದಳು. "ನನ್ನ ಒಲಿ ಉಳಸ್ತಲ್ಲಾ ಅಂತ ಜೀವ ತಡೀಲಿಲ್ಲ. ಇಳಸೂದೂ ನನ್ನ ಕೆಲಸ."

ನೀರು ಸುರಿದಳು. ವಿಭೂತಿ ಕರಗಿ ಹರಿಯಿತು. ಉಳಿದ ಕುಂಕುಮವನ್ನು ಸೆರಗಿನಿಂದ ಉಜ್ಜಿ ಒರೆಸಿದಳು, ದಾಸವಾಳವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆ ಗುಡ್ಡೆಯ ಮೇಲೆ ಕಾಲಿಟ್ಟು ನಿಂತಳು. ಇಳಿದು ಡ್ರೈವರನ ಕಡೆ ತಿರುಗಿ, "ನಾ ತುಳದೇನಿ. ಪಾಪ ನನಗ ಇರ್ಲಿ, ನೀ ಗಾಡಿ ಹಾಯಸಪಾ ತಮ್ಮಾ," ಅಂದಳು.

ಡ್ರೈವರ್ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಲಾರಿ ತಿರುಗಿತು, ಹಿಂದಿನ ಗಾಲಿ ಗುಡ್ಡೆಯ ಮೇಲೆ ಹತ್ತಿ ಮೆಲ್ಲಗೆ ಇಳಿಯಿತು. ಒಂದು ಬಿದಿರೂ ಅಲ್ಲಾಡಲಿಲ್ಲ. ಹಿಂದಿನ ಸಾಲು ನೋಡನೋಡುತ್ತ ಕರಗಿತು. ಸಾಹೇಬರು ಸ್ವಲ್ಪ ಹೊತ್ತು ನಿಂತು ನೋಡಿ, ಇರಲಿ ಬಿಡು ಎಂದು ಜೀಪು ಹತ್ತಿದರು.

ಮಧ್ಯಾಹ್ನ ಊಟಕ್ಕೆ ಹೋದಾಗ ಇದನ್ನೇ ಹಿಡಿದು ನಗೆಯಾಡಬೇಕೆಂದು ಹೋಗಿದ್ದೆ. ನೀಲವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತ ಅಳುತ್ತಿದ್ದಳು, ಹೊಗೆಗೆ ಅಲ್ಲ. ನನಗೂ ಅಳು ಬಂತು. ಅವತ್ತು ನಾಡಗೌಡ ಕೂಡ ಎರಡೇ ರೊಟ್ಟಿಗೆ ಕೈ ತೊಳೆದ.

ಮೊನ್ನೆ ಹಸಿವಾಯಿತೆಂದೆನಲ್ಲ, ತಡೆಯಲಾಗದೆ ಮರುದಿನ ಬೆಳಿಗ್ಗೆಯೇ ದಾಂಡೇಲಿ ಬಸ್ಸು ಹತ್ತಿದೆ. ಗುಡ್ಡೆ ಇದೆ, ಮೈತುಂಬ ಟೈರಿನ ಕಪ್ಪು ಗುರುತು. ಖಾನಾವಳಿಯೂ ಇದೆ. ಈಗ ರೊಟ್ಟಿ ಬಡಿಯುವವಳು ತವರಿನಿಂದ ಕರೆಸಿಕೊಂಡ ಸೊಸೆ, ತಮ್ಮನ ಮಗಳು. ನೀಲವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಿರುತ್ತಾಳೆ. ಎದುರಿಗೆ ಕೂತು ಉಣ್ಣುತ್ತ, ಅದನ್ನು ತುಳಿದದ್ದಕ್ಕೆ ಈಗಲೂ ಸಂಕಟವಾಗುತ್ತದೆಯೇ ಎಂದು ಕೇಳಿದೆ.

"ಆಗ್ತೈತ್ರಿ ಮಾಸ್ತರ್ರ," ಅಂದಳು. "ಅದಕ್ಕ ಈಗ ಗುಡ್ಡಿಗೆ ಕೈ ಮುಗಿಯೂದಿಲ್ಲ. ಅದರ ಮ್ಯಾಲ ಹಾಯೂ ಗಾಲಿಗೆ ಮುಗೀತೇನಿ. ಅದು ಹಾಯ್ಕೋತ ಇರೂತನಾ ನನ್ನ ಒಲಿ ಉರೀತೈತಿ."

ಅಷ್ಟರಲ್ಲಿ ಬಿದಿರಿನ ಲಾರಿಯೊಂದು ಬಂತು. ಹಿಂದಿನ ಗಾಲಿ ಗುಡ್ಡೆ ಹತ್ತುತ್ತಿದ್ದಂತೆ ನೀಲವ್ವ ಕುರ್ಚಿಯಲ್ಲೇ ಕೈ ಜೋಡಿಸಿದಳು. ನಾನು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗೆ ಹಾಕಿ, ಎಂಜಲು ಕೈಯಲ್ಲೇ ಮುಗಿದೆ.