ಖಣದ ಬದಲು ಸೀಮೆಸುಣ್ಣ

ಸುಧಾ, ನಿನ್ನ ಮಂಡಿನೋವು ಹೇಗಿದೆ? ಗುಂಡಣ್ಣನ ಕೆಮ್ಮು ಇಳಿಯಿತೇ?

ಮೊಮ್ಮಗಳ ಟೀಚರಿಗೆ ಕೊಡಲೆಂದು ನಿನ್ನೆ ಇಲ್ಲಿಯ ಅಬಿಡ್ಸ್ ಪೇಟೆಯಲ್ಲಿ ಸೀಮೆಸುಣ್ಣದ ಡಬ್ಬಿ ಕೊಂಡೆ. ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಮಗೆ ಅಕ್ಷರ ಕಲಿಸಿದ ಅಕ್ಕೋರು ನೆನಪಾದರು.

ದಸರೆಗೆ ಮಕ್ಕಳು ಟೀಚರುಗಳಿಗೆ ಕುಪ್ಪಸದ ಖಣ ಕೊಡುತ್ತಿದ್ದರು. ನಮ್ಮ ಅಕ್ಕೋರ ಗಂಡ ತೀರಿಕೊಂಡಿದ್ದರಿಂದ ಒಂದು ವರ್ಷ ಅವ್ವ ನನ್ನ ಕೈಯಲ್ಲಿ ಸೀಮೆಸುಣ್ಣ ಕಳಿಸಿದಳು.

"ಬರೇ ಸೀಮೆಸುಣ್ಣ ತಂದಿಯೇನ?" ಎಂದು ಗೆಳತಿಯೊಬ್ಬಳು ನಕ್ಕಳು.

"ಅಕ್ಕೋರಿಗಿ ಖಣ ಕೊಡಬಾರದಂತ, ಅವ್ವ ಹೇಳ್ಯಾಳ," ಎಂದೆ, ತರಗತಿಗೆಲ್ಲ ಕೇಳುವಂತೆ.

"ಇರಲಿ ಬಿಡವಾ, ಇದು ದಿನಾ ಉಪಯೋಗಕ್ಕ ಬರ್ತದ," ಎಂದು ಅಕ್ಕೋರು ಒಂದು ಕಡ್ಡಿ ತೆಗೆದುಕೊಂಡು ಹಲಗೆಯತ್ತ ತಿರುಗಿದರು. ಬಹಳ ಹೊತ್ತು ಏನೂ ಬರೆಯಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ.

ನಿನ್ನೆ ಒಂದು ಖಣವನ್ನೂ ಕೊಂಡು ಇಟ್ಟಿದ್ದೇನೆ. ಅಕ್ಕೋರು ಇನ್ನೂ ಇದ್ದರೆ, ಎಲ್ಲಿದ್ದಾರೆಂದು ವಿಚಾರಿಸಿ ಬೇಗ ಬರೆ.