ತಡವಾಗಿ ಜಿಗಿದ ಆಡು

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು ನನ್ನ ಚಹಾದಂಗಡಿ, ಪಕ್ಕದಲ್ಲಿ ಧಮ್ಮಪಾಲನ ಝೆರಾಕ್ಸ್ ಅಂಗಡಿ. ಇಂಥ ಚಡಪಡಿಕೆಯ ಮನುಷ್ಯನನ್ನು ನಾನು ಕಂಡಿಲ್ಲ. ಚಹಾ ಕೂಡ ನಿಂತೇ ಕುಡಿಯುತ್ತಾನೆ. ಫೋಟೋ ಸ್ಟುಡಿಯೊ ಹಾಕಿದ, ಬಿಟ್ಟ. ಕೋಳಿ ಸಾಕಿದ, ಬಿಟ್ಟ. ಜನ್ಮದಲ್ಲಿ ಪೂರ್ತಿ ಮುಗಿಸಿದ್ದೆಂದರೆ ಮೊಬೈಲಿಗೆ ತಾನೇ ತಯಾರಿಸಿದ ಒಂದು ಆಟ.

ಹೆಂಡತಿ ಮಹಾನಂದಾಳ ತವರು ಮಣ್ಣೂರ. ಅಲ್ಲಿ ಭೀಮಾ ಹೊಳೆಯ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ ಅವಳ ಕರಿ ಆಡನ್ನೇ ಆಟಕ್ಕಿಳಿಸಿದ್ದ. ಹೆಬ್ಬೆರಳು ಒತ್ತಿದರೆ ಜಿಗಿತ, ಒತ್ತಿ ಹಿಡಿದರೆ ಉದ್ದ ಜಿಗಿತ, ಅಷ್ಟೇ. "ಇನ್ನಾ ಹಗುರ ಜಿಗೀಬೇಕ್ರಿ" ಎಂದು ಅವಳು ಹೇಳಿದಂತೆಲ್ಲ ತಿದ್ದಿದ್ದ. ಊರಿಗೆ ಅದರ ಹುಚ್ಚು ಹಿಡಿಯಿತು. ಅದರಲ್ಲಿ ಮುಳುಗಿ ನಾನು ಎಷ್ಟು ಸಲ ಹಾಲು ಉಕ್ಕಿಸಿದೆನೋ!

ಆಟದ ಎರಡನೆಯ ಭಾಗಕ್ಕೆ ಕೈ ಹಾಕಿದಾಗ ಕೆಟ್ಟಿತು. ಗಿರಾಕಿಯ ಮಾತು ತೆಗೆದುಹಾಕುವ ಧೈರ್ಯ ನಮ್ಮ ಪೇಟೆಯಲ್ಲಿ ಯಾರಿಗಿದೆ? ನರೋಣಾದವನೊಬ್ಬ ಆಟದಲ್ಲಿ ಬಸ್ಸು ಓಡಿಸುವಂತಿರಬೇಕೆಂದ. ಧಮ್ಮಪಾಲ ಒಪ್ಪಿದ: "ಆತ್ರಿ." ಮಾದನಹಿಪ್ಪರಗಾದವರಿಗೆ ಟ್ರ್ಯಾಕ್ಟರ್. "ಆತ್ರಿ." ಜೇವರ್ಗಿಯವರಿಗೆ ಕುಸ್ತಿ. ಅದಕ್ಕೂ "ಆತ್ರಿ." ನನಗೆ ಮೈ ಉರಿಯುತ್ತಿತ್ತು. ಇದನ್ನೂ ಅರ್ಧಕ್ಕೆ ಬಿಟ್ಟರೆ ಇವನು ಮತ್ತೆ ಯಾವುದನ್ನೂ ಮುಗಿಸಲಾರ ಎಂಬ ಹೆದರಿಕೆ ಬೇರೆ.

ಕೊನೆಗೊಂದು ಸಂಜೆ ಅಂಗಡಿಯಲ್ಲೇ ಮಹಾನಂದಾಳ ಕೈಗೆ ಮೊಬೈಲ್ ಕೊಟ್ಟ. ಬಸ್ಸು, ಟ್ರ್ಯಾಕ್ಟರ್, ಕುಸ್ತಿ ಎಲ್ಲ ದಾಟಿದ ಮೇಲೆ ಆಡು ಬಂತು. ಅವಳು ಒತ್ತಿದಳು. ನೀರಿಗೆ ಬಿತ್ತು. ಮತ್ತೆ ಒತ್ತಿದಳು, ಮತ್ತೆ ಬಿತ್ತು.

"ತಡಾ ಮಾಡಿ ಜಿಗ್ಯಾಕತ್ತದ," ಎಂದಳು.

"ಬ್ರೇಕು, ಕುಸ್ತಿ ಪಟ್ಟು, ಎಲ್ಲಾ ಅದೇ ಬಟನ್‌ಗೆ ಕೂಡಿಸೇನಿ. ಯಾವುದು ಅಂತ ನೋಡ್ಕೊಂಡು ಜಿಗೀತದ. ಒಂದ್ ಚೂರು ತಡಾ, ಅಷ್ಟೇ."

"ಎಲ್ಲಾರ ಮಾತು ಕೇಳಿದ್ರಿ. ನನ್ನ ಆಡಿನ ಕಾಲು ಮುರದ್ರಿ."

ಅವನ ಮುಖ ಇಳಿಯಿತು. "ಹಂಗಾದ್ರ ಇದನ್ನ ಬಿಟ್ಟೇ ಬಿಡ್ತೇನಿ," ಎಂದು ಎದ್ದ.

"ಬಿಡಬ್ಯಾಡ್ರಿ. ಬಸ್ಸು ತಗೀರಿ. ಟ್ರ್ಯಾಕ್ಟರ್ ತಗೀರಿ." ಕುರ್ಚಿ ಎಳೆದಿಟ್ಟಳು. ಅವನು ಕೂತ.

ಮರುದಿನ ನರೋಣಾದ ಗಿರಾಕಿ ಬಾಗಿಲಲ್ಲಿ ಇಣುಕಿದ. "ನಮ್ಮ ಬಸ್ ಬಂತೇನ್ರಿ?"

ಧಮ್ಮಪಾಲನ ಬಾಯಿ ಹಳೆಯ 'ಆತ್ರಿ'ಗೇ ತೆರೆಯಿತು. ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದ. "ಇಲ್ರಿ," ಎಂದ. "ಬರಂಗಿಲ್ಲ."

ಗಿರಾಕಿ ಮುಖ ಗಂಟಿಕ್ಕಿಕೊಂಡು, ಪ್ರತಿ ತೆಗೆಸಲು ತಂದಿದ್ದ ಕಾಗದಗಳ ಸಮೇತ ಆಚೆಯ ಝೆರಾಕ್ಸ್ ಅಂಗಡಿಗೆ ನಡೆದ. ಕರೆಯಲು ಧಮ್ಮಪಾಲ ಏಳಲಿಲ್ಲ. ನಾನು ಚಹಾ ಒಯ್ದು ಕೊಟ್ಟೆ. ಕೂತೇ ಕುಡಿದ. ಮೇಜಿನ ಕೆಳಗೆ ಅವನ ಕಾಲು ಮಾತ್ರ ಕುಣಿಯುತ್ತಲೇ ಇತ್ತು.