ಚಿಕ್ಕವ್ವನಿಗೆ ಕೇಳಿಸಿದ ಉಸಿರು

ಹರವೆಯಲ್ಲಿರುವ ನನ್ನ ಚಿಕ್ಕವ್ವ ವರ್ಷಗಟ್ಟಲೆ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿದವಳು. ಆ ಸದ್ದಿಗೆ ಅವಳ ಕಿವಿ ಮಂದವಾಗಿತ್ತು. ಟಿವಿಯಲ್ಲಿ ಧಾರಾವಾಹಿ ನೋಡುವಾಗ ಬರೀ ಮುಖಗಳನ್ನು ನೋಡಿಯೇ ಕಥೆ ಊಹಿಸಿಕೊಳ್ಳುತ್ತಿದ್ದಳು. ಕಳೆದ ವರ್ಷ ಒಂದು ಭಾನುವಾರ ಚಾಮರಾಜನಗರದಿಂದ ನನ್ನ ಬ್ಲೂಟೂತ್ ಹೆಡ್‌ಫೋನ್ ತೆಗೆದುಕೊಂಡು ಅವಳ ಮನೆಗೆ ಹೋದೆ.

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಹೆಡ್‌ಫೋನಿನ ಹೆಸರು ಬರಲಿಲ್ಲ. ಅದು ಇನ್ನೂ ನನ್ನ ಫೋನಿಗೇ ಅಂಟಿಕೊಂಡಿದೆ ಎಂಬುದು ಆಮೇಲೆ ಹೊಳೆಯಿತು. ಫೋನಿನ ಬ್ಲೂಟೂತ್ ಆಫ್ ಮಾಡಿ, ಹೆಡ್‌ಫೋನಿನ ಗುಂಡಿಯನ್ನು ದೀಪ ಮಿನುಗುವ ತನಕ ಒತ್ತಿ ಹಿಡಿದೆ. ಪರದೆಯ ಮೇಲೆ ಹೆಸರು ಮೂಡಿತು. ಅದನ್ನು ಆರಿಸಿದ ಕೂಡಲೇ ಟಿವಿ ಸದ್ದಡಗಿ ಸುಮ್ಮನಾಯಿತು.

ಹೆಡ್‌ಫೋನನ್ನು ಚಿಕ್ಕವ್ವನ ಕಿವಿಗೆ ಹಾಕಿ ಸೌಂಡು ಏರಿಸಿದೆ. ಧಾರಾವಾಹಿಯ ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ಕೇಳ್ತದಾ ಚಿಕ್ಕವ್ವ?" ಎಂದು ಸನ್ನೆ ಮಾಡಿ ಕೇಳಿದೆ.

"ಸುಮ್ನಿರಮ್ಮಿ," ಎಂದಳು. "ಆ ಎಣ್ಣು ಉಸ್ರು ಬುಡದೂ ಕೇಳ್ತದ ಕಣಮ್ಮಿ. ಅಳು ತಡ್ಕಂಡು ನಿಂತವ್ಳ."

ನನಗೂ ಪಕ್ಕದಲ್ಲಿದ್ದ ಚಿಕ್ಕಪ್ಪನಿಗೂ ಏನೂ ಕೇಳುತ್ತಿರಲಿಲ್ಲ. ಒಂದು ತಂತಿಯೂ ಇಲ್ಲದೆ, ನಮ್ಮಿಬ್ಬರ ಎದುರಿನ ಗಾಳಿಯಲ್ಲೇ ಹಾದು, ಆ ಉಸಿರು ಅವಳೊಬ್ಬಳನ್ನೇ ತಲುಪುತ್ತಿತ್ತು. ಚಿಕ್ಕಪ್ಪ ಟಿವಿ ನೋಡುವುದನ್ನು ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಸಂಜೆ ಬಸ್ಸಿಗೆ ಹೊರಡುವಾಗ ಹೆಡ್‌ಫೋನನ್ನು ಅಲ್ಲೇ ಬಿಟ್ಟುಬಂದೆ. ಹೋಗಿಬರುತ್ತೇನೆ ಎಂದದ್ದು, ಅದನ್ನು ಕಿವಿಗೆ ಹಾಕಿಕೊಂಡೇ ಟಿವಿ ನೋಡುತ್ತಿದ್ದ ಚಿಕ್ಕವ್ವನಿಗೆ ಕೇಳಿಸಲಿಲ್ಲ.